ಚೆಲುವ ಛತ್ರದ ದಾರಿಯ ಹಿಮ ತೆಗೆದದ್ದು

ಬದರಿಗೆ ಹೋಗುವ ದಾರಿಯಲ್ಲಿ, ಹಿಮ ಬೀಳುವ ಎತ್ತರದಲ್ಲಿ, ನಮ್ಮ ಕಡೆಯ ಯಾತ್ರಿಕರಿಗೆಂದು ಒಂದು ಛತ್ರ. ಅಲ್ಲಿ ಅಡುಗೆಗೆ ಮೇಲುಕೋಟೆಯ ಸಿಂಗಮ್ಮ. ಸಿಂಗಮ್ಮನಿಗೆ ಒಬ್ಬನೇ ಮಗ, ಚೆಲುವ. ವಯಸ್ಸು ಮೂವತ್ತು, ಮೈ ಎತ್ತಿನದು, ಬುದ್ಧಿ ಮಾತ್ರ ಆಮೇಲೆ ಕೊಡೋಣ ಅಂದುಕೊಂಡ ದೇವರು ಮರೆತೇಬಿಟ್ಟ. ಹೇಳಿದ್ದನ್ನು ಮಾಡುತ್ತಿದ್ದ. ಹೇಳಿದ್ದನ್ನೇ ಮಾಡುತ್ತಿದ್ದ. ಸಿಂಗಮ್ಮನ ಸಂಕಟವೆಲ್ಲ ಅದೇ.

ರಸ್ತೆಯಿಂದ ಛತ್ರದ ಬಾಗಿಲಿಗೆ ಅರ್ಧ ಮೈಲಿ ಏರುದಾರಿ. ಅದರ ಹಿಮ ತೆಗೆಯೋಕೆ ಒಂದು ಪುಟ್ಟ ಟ್ರಾಕ್ಟರು, ಟ್ರಾಕ್ಟರಿನ ಮೂತಿಗೆ ಮೊರದಂಥ ದೊಡ್ಡ ಕಬ್ಬಿಣದ ತಗಡು. ಧರ್ಮದರ್ಶಿ ಅಳಸಿಂಗಾಚಾರ್ಯರು ಮೈಸೂರಿಂದ ಫೋನ್ ಮಾಡಿ ಕಡ್ಡಿ ಮುರಿದ ಹಾಗೆ ಹೇಳಿದ್ದರು: "ಹೋದ ವರ್ಷ ದಾರಿ ಇಲ್ಲ ಅಂತ ಮೂರು ಬಸ್ಸಿನ ಜನ ವಾಪಸ್ಸು ಹೋದ್ರು ಸಿಂಗಮ್ಮ. ಅಕ್ಷಯ ತದಿಗೆಗೆ ನಾನೇ ನಲವತ್ತು ಜನರನ್ನ ಕರ್ಕೊಂಡು ಬರ್ತೀನಿ. ಬಾಗಿಲವರೆಗೂ ನಡೆದು ಬರೋಕಾದ್ರೆ ಛತ್ರ ಉಳೀತು. ಇಲ್ಲ ಅಂದ್ರೆ ಬೀಗ." ಬೀಗ ಬಿದ್ದರೆ ತಾಯಿ ಮಗ ಇಬ್ಬರೂ ಬೀದಿಗೆ. ಊರಲ್ಲಿ ಅವರಿಗೆ ತಲೆಯ ಮೇಲೆ ಒಂದು ಸೂರೂ ಇರಲಿಲ್ಲ.

ತದಿಗೆಗೆ ನಾಲ್ಕು ದಿನ ಇದೆ ಅನ್ನುವಾಗ ಮಂಡಿಯುದ್ದ ಹಿಮ ಬಿತ್ತು. "ಮಗನೇ, ದಾರಿ ಮೇಲಿನ ಹಿಮ ಅಷ್ಟೂ ತಳ್ಳಿಬಿಡು," ಅಂದಳು ಸಿಂಗಮ್ಮ. "ಆಗಲಿ ಅಮ್ಮ," ಅಂದ ಚೆಲುವ. ಕೆಳಗೆ ರಸ್ತೆಯಿಂದ ಶುರು ಮಾಡಿದ. ತಳ್ಳಿದ, ತಳ್ಳಿದ, ಅರ್ಧ ಮೈಲಿಯ ಹಿಮವನ್ನೆಲ್ಲ ತಳ್ಳಿಕೊಂಡು ಬಂದು ಛತ್ರದ ಬಾಗಿಲಿಗೇ ಒಟ್ಟಿದ. ಸಿಂಗಮ್ಮ ಅಡುಗೆಮನೆಯ ಕಿಟಕಿಯಿಂದ ತಲೆ ಹೊರಗೆ ಹಾಕಿದಳು.

"ನನ್ನ ಸಮಾಧಿ ಕಟ್ತಿದ್ದೀಯೇನೋ? ಮನೆ ಕಡೆ ತರ್ತಾರಾ? ಮನೆಯಿಂದ ಆಚೆ ತಳ್ಬೇಕು ಕಣೋ."

"ಮೊದಲೇ ಹೇಳ್ಬಾರ್ದಾ ಅಮ್ಮ," ಅಂದ ಚೆಲುವ.

ಮಾರನೇ ದಿನ ಮತ್ತೆ ಹಿಮ. ಚೆಲುವ ಬಾಗಿಲಿಂದ ಶುರು ಮಾಡಿದ. ತಳ್ಳಿದ, ತಳ್ಳಿದ, ಎಲ್ಲವನ್ನೂ ಕೆಳಗೆ ಕೊಂಡೊಯ್ದು ರಸ್ತೆಯ ನಟ್ಟನಡುವೆ ಗುಡ್ಡೆ ಹಾಕಿದ. ಈಚೆಗೆ ಇಪ್ಪತ್ತು ಲಾರಿ, ಆಚೆಗೆ ಇಪ್ಪತ್ತು ಲಾರಿ. ಡ್ರೈವರುಗಳೆಲ್ಲ ಛತ್ರಕ್ಕೇ ಹತ್ತಿ ಬಂದು ಸಿಂಗಮ್ಮನಿಗೆ ಮಂಗಳಾರತಿ ಮಾಡಿದರು. ಅವಳು ಅಷ್ಟೂ ಜನಕ್ಕೆ ಕಾಫಿ ಕೊಟ್ಟು ಸಮಾಧಾನ ಮಾಡಿ, ಮಗನ ಕಡೆ ತಿರುಗಿದಳು.

"ಊರವರ ದಾರಿಗೆ ಹಾಕ್ತಾರೇನೋ? ದಾರೀಲಿ ಏನಿದ್ರೂ ಸಮವಾಗಿ ಎರಡು ಭಾಗ ಮಾಡಿ, ಅರ್ಧ ಈ ಪಕ್ಕ, ಅರ್ಧ ಆ ಪಕ್ಕ ಸರಿಸ್ಬೇಕು."

"ಮೊದಲೇ ಹೇಳ್ಬಾರ್ದಾ ಅಮ್ಮ."

ಮೂರನೇ ದಿನ ಹಿಮವನ್ನು ಚೆನ್ನಾಗಿಯೇ ಸರಿಸಿದ, ಸುಳ್ಳು ಹೇಳಬಾರದು. ಆಗ ತಿಪಟೂರಿನ ಒಬ್ಬ ಅಜ್ಜ, ಒಬ್ಬಳು ಅಜ್ಜಿ ಕೈ ಕೈ ಹಿಡಿದುಕೊಂಡು ದಾರಿ ಹತ್ತಿ ಬಂದರು. ದಾರಿಯಲ್ಲಿ ಇಬ್ಬರು. ಸಮವಾಗಿ ಎರಡು ಭಾಗ. ಅಜ್ಜನನ್ನು ತಗಡಿನಲ್ಲಿ ಮೆಲ್ಲಗೆ ಎತ್ತಿ ಎಡಗಡೆ ಹಿಮದ ರಾಶಿಯಾಚೆ ಇಳಿಸಿದ, ಅಜ್ಜಿಯನ್ನು ಬಲಗಡೆ. ಐವತ್ತು ವರ್ಷ ಸಂಸಾರ ಮಾಡಿದವರು ಅವತ್ತು ಮೊದಲ ಸಲ ಬೇರೆಯಾದರು. ಸಿಂಗಮ್ಮ ಇಬ್ಬರನ್ನೂ ಕರೆತಂದು ಒಲೆಯ ಮುಂದೆ ಕೂರಿಸಿದಳು. ಅವಳ ಕಣ್ಣಲ್ಲಿ ನೀರು.

"ಬರೋರಿಗೆ ಮರ್ಯಾದೆ ಮಾಡ್ಬೇಕು ಕಣೋ. ಊರಲ್ಲಿ ಬೆಳಗಾಗೆದ್ದು ಮನೆ ಮುಂದೆ ನಾನೇನು ಮಾಡ್ತಿದ್ದೆ? ಗುಡಿಸಿ, ನೀರು ಹಾಕಿ, ರಂಗೋಲಿ ಬಿಡ್ತಿರ್ಲಿಲ್ವಾ? ಹಾಗಿರ್ಬೇಕು ನಮ್ಮ ದಾರಿ."

"ಮೊದಲೇ ಹೇಳ್ಬಾರ್ದಾ ಅಮ್ಮ."

ನಾಲ್ಕನೇ ದಿನ ಗುಡಿಸಿದ. ಬಾವಿಯಿಂದ ನೀರು ಸೇದಿ ಸೇದಿ ಅರ್ಧ ಮೈಲಿಗೂ ಚೆಲ್ಲಿದ. ಗಳಿಗೆಯೊಳಗೆ ದಾರಿಯೆಲ್ಲ ಗಟ್ಟಿ ಮಂಜುಗಡ್ಡೆ, ಕನ್ನಡಿಯ ಹಾಗೆ ಫಳಫಳ. ಅದರ ಮೇಲೆ ಕೂತು ಹದಿನಾರು ಚುಕ್ಕಿಯ ರಂಗೋಲಿ ಬಿಟ್ಟ. ಹಾಲಿನವನು ಹಾಲು ಕೊಟ್ಟು ಹೊರಟವನು ಛತ್ರದ ಬಾಗಿಲಲ್ಲಿ ಜಾರಿ, ಕ್ಯಾನಿನ ಸಮೇತ ಕೂತೇ ರಸ್ತೆ ಸೇರಿದ.

ಸಿಂಗಮ್ಮನಿಗೆ ಬೈಯಲು ತ್ರಾಣವೇ ಉಳಿದಿರಲಿಲ್ಲ. "ಅಪ್ಪಾ ಚೆಲುವ, ನಾಳೆ ಆಚಾರ್ಯರು ಬರ್ತಾರೆ. ಅವರು ಜಾರಿದ್ರೆ ನಾವಿಬ್ರೂ ಜಾರಿದ ಹಾಗೆ. ಆ ದಾರಿ ಮೇಲೆ ಉದುರುದುರಾಗಿರೋದು ಏನಾದ್ರೂ ಹರಡು, ಕಾಲು ಹಿಡಿಯೋ ಹಾಗೆ. ಒಂದು ಇಂಚೂ ಬಿಡ್ಬೇಡ."

"ಮೊದಲೇ ಹೇಳ್ಬಾರ್ದಾ ಅಮ್ಮ."

ತದಿಗೆ ಬಂತು. ಬೆಳಿಗ್ಗೆಯೇ ಸಿಂಗಮ್ಮ ನಲವತ್ತು ಜನಕ್ಕೆ ಪುಳಿಯೋಗರೆ ಕಲಸಿ, ದೊಡ್ಡ ಪರಾತಗಳಲ್ಲಿ ಆರಲು ಹರಡಿ, ಸ್ನಾನಕ್ಕೆ ಹೋದಳು. ಮಡಿಯುಟ್ಟು ಬರುವಷ್ಟರಲ್ಲಿ ಅಳಸಿಂಗಾಚಾರ್ಯರು ಬಾಗಿಲಲ್ಲೇ ನಿಂತಿದ್ದರು, ಹಿಂದೆ ನಲವತ್ತು ಜನ. ಒಬ್ಬರೂ ಬಿದ್ದಿರಲಿಲ್ಲ.

"ಭೇಷ್ ಸಿಂಗಮ್ಮ. ಮಂಜುಗಡ್ಡೆ ಮೇಲೆ ನಡೆದ ಹಾಗೇ ಇರ್ಲಿಲ್ಲ. ದಾರಿಯುದ್ದಕ್ಕೂ ನಿಮ್ಮ ಪುಳಿಯೋಗರೆ ಘಮ ಬೇರೆ. ಛತ್ರ ಉಳೀತು, ನನ್ನ ಮಾತು ಮಾತೇ. ಹಸಿವಾಗಿದೆ, ಎಲೆ ಹಾಕಿ."

ಸಿಂಗಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಹೆತ್ತದ್ದು ಒಂದು ದಿನವಾದರೂ ಸಾರ್ಥಕವಾಯಿತು ಅಂತ ಮಗನ ತಲೆ ಸವರಿ, ಅಡುಗೆಮನೆಗೆ ಹೋಗಿ ನೋಡಿದಳು. ಪರಾತಗಳು ಖಾಲಿ. ಆಚಾರ್ಯರ ಕಾಲುಚೀಲ ನೋಡಿದಳು. ಕಡಲೆಬೀಜ, ಕರಿಬೇವು.

ಆಚಾರ್ಯರೂ ಬಗ್ಗಿ ನೋಡಿಕೊಂಡರು. ಕಾಲುಚೀಲದಿಂದ ಒಂದು ಕಡಲೆಬೀಜ ಬಿಡಿಸಿ ತೆಗೆದರು. "ಆಗಿದ್ದು ಆಯ್ತು," ಅಂದರು ಕೊನೆಗೆ. "ಕೊಟ್ಟ ಮಾತು ತಪ್ಪೋಲ್ಲ. ಉಗ್ರಾಣದಲ್ಲಿ ಎಂಟು ಮೂಟೆ ಅಕ್ಕಿ ಇದೆಯಲ್ಲ, ಇನ್ನೊಂದ್ಸಲ ಅನ್ನಕ್ಕಿಡಿ."

ಚೆಲುವ ಬಾಗಿಲಿಗೆ ಒರಗಿ ನಗುತ್ತಾ ನಿಂತಿದ್ದ.

"ನಿನ್ನ ಪುಳಿಯೋಗರೆ ಅರ್ಧ ಫರ್ಲಾಂಗಿಗೂ ಸಾಲಲಿಲ್ಲ ಅಮ್ಮ. ಒಂದು ಇಂಚೂ ಬಿಡ್ಬೇಡ ಅಂದಿದ್ದೆಯಲ್ಲ, ಮಿಕ್ಕಿದ್ದಕ್ಕೆ ಆ ಎಂಟು ಮೂಟೆ ಹರಡಿದೆ."

ಅವತ್ತು ಆ ಛತ್ರದಲ್ಲಿ ನಲವತ್ತು ಎಲೆಗೂ ಬಡಿಸಿದ್ದು ಉಪ್ಪಿನಕಾಯಿ ಒಂದೇ.