ರಾಣಿಯ ಹೆಬ್ಬೆರಳು ಬಿಡಿಸಿದ ಚಾಕು

ಒಂದಾನೊಂದು ಊರಿನಲ್ಲಿ, ಊರೆಂದರೆ ಒಂದು ಅರಮನೆ, ಒಂದು ಕುಲುಮೆ, ನಡುವೆ ಕಾಡು, ಇಷ್ಟೇ ಇದ್ದ ಊರಿನಲ್ಲಿ, ಅಪ್ರಮೇಯರಾಯನೆಂಬ ದೊರೆಯಿದ್ದ. ಸೋಮವಾರ ಅವನ ರಾಣಿ ಕಾಡಿನಂಚಿನಲ್ಲಿ ಕೂತು ಸೌತೆಕಾಯಿ ತಿನ್ನುತ್ತಿದ್ದಳು. ಒಂದು ಬಳ್ಳಿ ಬಂದು ಅವಳ ಕಾಲಿನ ಹೆಬ್ಬೆರಳನ್ನು ಸುತ್ತಿಕೊಂಡಿತು. ಬಳ್ಳಿ ಹೂಬಿಟ್ಟರೆ ರಾಣಿ ಕಾಡಿನವಳಾಗುತ್ತಾಳೆ. ಅದು ಆ ಕಾಡಿನ ಕಾನೂನು. ಆ ಕಾನೂನು ಮಾಡಿದ್ದು ಯಾರೆಂದರೆ, ಬಳ್ಳಿಯೇ.

ಆಗಲೇ ಮೊಗ್ಗು ಬಂದಿತ್ತು. ಬಳ್ಳಿ ಕೊಯ್ಯಹೋಗಿ ಅಡುಗೆಮನೆಯ ಈಳಿಗೆ ಮೊಂಡಾಯಿತು. ದೊರೆಯ ಕತ್ತಿ ಬಾಗಿ ಕುಡುಗೋಲಾಯಿತು. ದೊರೆ ಕಮ್ಮಾರಗಿತ್ತಿ ಕಾಳಮ್ಮನ ಕುಲುಮೆಗೆ ಓಡಿದ. ಕಾಡಿಗೆ ತಕ್ಕ ಚಾಕು ಬೇಕು, ಮೊಂಡಾಗಬಾರದು, ಮುರಿಯಬಾರದು, ತುಕ್ಕು ಹಿಡಿಯಬಾರದು ಎಂದ.

"ಮೂರನ್ನೂ ಕೇಳಿದರೆ ಉಕ್ಕು ನಗುತ್ತೆ ಬುದ್ಧಿ. ಎರಡು ಹೇಳಿ."

ಉಕ್ಕು ಆಗಲೇ ನಗುತ್ತಿತ್ತು. ಹಳೆಯ ಅರದ ತುಂಡೊಂದು, ನನ್ನ ಹರಿತ ನೂರು ವರ್ಷ ಇರುತ್ತದೆ, ಯಾರಾದರೂ ಬಯ್ದರೆ ಮಾತ್ರ ಮುರಿದುಹೋಗುತ್ತೇನೆ ಎಂದಿತು. ಹೊಳೆಯುವ ತಗಡು ತನಗೆ ತುಕ್ಕೇ ಹತ್ತುವುದಿಲ್ಲವೆಂದು ಜಂಬಪಟ್ಟಿತು. ಬೆಣ್ಣೆ ಕೊಯ್ದರೂ ಮೊಂಡಾಗುವ ವಿಷಯ ಮುಚ್ಚಿಟ್ಟಿತು. ಮೂಲೆಯಲ್ಲಿ ಲಾರಿಯ ಕಮಾನು ಪಟ್ಟಿ ಮಲಗಿತ್ತು. ಅದು ಭಾರ ಹೊತ್ತಾಗ ಬಗ್ಗಿ, ಇಳಿಸಿದಾಗ ನೆಟ್ಟಗಾಗುವ ಉಕ್ಕು. ಆ ಊರಿನಲ್ಲಿ ಲಾರಿ ಇರಲಿಲ್ಲ, ಪಟ್ಟಿ ಮಾತ್ರ ಇತ್ತು. ಎಣ್ಣೆ ಒರೆಸದಿದ್ದರೆ ತುಕ್ಕು ಹಿಡಿಯುತ್ತೇನೆಂದು ಅದು ಮೆಲ್ಲಗೆ ಒಪ್ಪಿಕೊಂಡಿತು. ಕಾಳಮ್ಮ ಅದನ್ನೇ ಎತ್ತಿಕೊಂಡಳು.

ಅರ್ಧ ಪಟ್ಟಿಯನ್ನು ಬಡಿದು ಚಾಕು ಮಾಡಿದಳು. ಅಯಸ್ಕಾಂತ ಮುಖ ತಿರುಗಿಸುವವರೆಗೆ ಕಾಯಿಸಿದಳು. ಅಷ್ಟು ಕೆಂಪಗಾದ ಉಕ್ಕಿನ ಗುರುತು ಅಯಸ್ಕಾಂತಕ್ಕೂ ಹತ್ತುವುದಿಲ್ಲ. ಆಮೇಲೆ ಎಣ್ಣೆಗೆ ಅದ್ದಿದಳು. ಚುಂಯ್ ಎಂದಿತು. ದೊರೆ ಕಿತ್ತುಕೊಂಡು ಓಡಿದ. ಎಣ್ಣೆಗೆ ಬಿದ್ದ ಉಕ್ಕು ಹೆದರಿ ಬಿಗಿದುಕೊಂಡಿರುತ್ತದೆ, ಮತ್ತೆ ಹದವಾಗಿ ಕಾಯಿಸಿ ಸಮಾಧಾನ ಮಾಡಬೇಕು ಎಂದು ಅವಳು ಕೂಗಿದ್ದು ಕೇಳಿತು. ಅವನು ನಿಲ್ಲಲಿಲ್ಲ.

ದಾರಿಯಲ್ಲಿ ಚಾಕು ಗಾಳಿಯನ್ನು ಎರಡು ಹೋಳು ಮಾಡಿತು. ದೊರೆಯ ನೆರಳನ್ನು ಕೊಯ್ದು ಬೇಲಿಯ ಮೇಲೆ ಹಾಕಿತು. ದೊರೆ ಬೆರಗಾದ. ಕಾಡಿನಂಚಿಗೆ ಬಂದು ಬಳ್ಳಿಗೆ ಚಾಕು ಇಡುವಷ್ಟರಲ್ಲಿ ರಾಣಿಗೆ ಸೀನು ಬಂತು. ಆ ಸೀನಿಗೆ ಚಾಕು ಪುಡಿಪುಡಿಯಾಯಿತು. ಮೊಗ್ಗಿನ ತುದಿ ಬಿರಿಯಿತು.

"ನಿಮಗೆ ಅವಸರ, ನನಗೆ ಬಳ್ಳಿ," ಎಂದಳು ರಾಣಿ. "ಹೋಗಿ. ಈ ಸಲ ಅವಳು ಹೇಳಿದಷ್ಟು ಹೊತ್ತು ಕೂತು ಬನ್ನಿ."

ಉಳಿದರ್ಧ ಪಟ್ಟಿಗೆ ದೊರೆಯೇ ತಿದಿ ಒತ್ತಿ ಬೆಂಕಿಗೆ ಗಾಳಿ ಊದಿದ. ಮತ್ತೆ ಬಡಿದದ್ದಾಯಿತು, ಮತ್ತೆ ಅದ್ದಿದ್ದಾಯಿತು. ಕಾಳಮ್ಮ ಅಲಗನ್ನು ಬೆಳ್ಳಗೆ ಉಜ್ಜಿ ಸಣ್ಣ ಕೆಂಡದ ಮೇಲೆ ಹಿಡಿದಳು. ಏನೂ ಆಗಲಿಲ್ಲ. ಆಮೇಲೂ ಏನೂ ಆಗಲಿಲ್ಲ. ಕಾಡಿನಿಂದ ಹೂವಿನ ಪರಿಮಳ ಬರತೊಡಗಿತು. ದೊರೆಯ ಕೈ ಚಾಕಿನತ್ತ ಹೋಯಿತು.

"ಕೈ ತೆಗೀರಿ ಬುದ್ಧಿ."

ದೊರೆ ಕೈಯನ್ನು ತನ್ನ ತೊಡೆಯ ಕೆಳಗೆ ಇಟ್ಟು ಅದರ ಮೇಲೆ ಕೂತ. ಆಗ ಆ ಬಿಳಿ ಅಲಗಿನ ಮೇಲೆ, ಯಾರೂ ಬಳಿಯದೆ, ಒಣಹುಲ್ಲಿನ ಬಣ್ಣ ಹರಿದು ಬಂತು. ತಿದಿ ಉಸಿರು ಹಿಡಿಯಿತು. ಬೆಂಕಿ ಬಗ್ಗಿ ನೋಡಿತು. ದೊರೆ ಕಿರೀಟ ತೆಗೆದು ನೆಲದ ಮೇಲಿಟ್ಟ.

"ಅದರ ಭಯ ಹೋಯ್ತು," ಎಂದಳು ಕಾಳಮ್ಮ. ಸಾಣೆ ಹಿಡಿದು, ತಾನೇ ಹೋಗಿ ಬಳ್ಳಿ ಕೊಯ್ದಳು.

ಎಷ್ಟು ನುಣ್ಣಗೆ ಕೊಯ್ದಳೆಂದರೆ ಬಳ್ಳಿಗೆ ಗೊತ್ತಾಗಲಿಲ್ಲ. ರಾಣಿಗೂ ಗೊತ್ತಾಗಲಿಲ್ಲ. ಹೂವು ಅರಳಿತು. ರಾಣಿ ತನ್ನವಳಾದಳೆಂದು ಕಾಡು ಎಲೆ ತಟ್ಟಿತು. ರಾಣಿ ಅಳತೊಡಗಿದಳು. ಕಾಳಮ್ಮ ಅವಳ ಕಿವಿಯ ಬಳಿ ಬಗ್ಗಿದಳು.

"ಮೆಲ್ಲಗೆ ಏಳಿ ತಾಯಿ. ಬಳ್ಳಿ ಕೊಯ್ದು ಆಗಲೇ ಒಂದು ಗಳಿಗೆ ಆಯ್ತು."

ರಾಣಿ ಎದ್ದು ಮನೆಗೆ ನಡೆದಳು. ಕಾಡು ಇಂದಿಗೂ ಆ ಖಾಲಿ ಜಾಗಕ್ಕೆ ದಿನಾ ನಮಸ್ಕಾರ ಮಾಡುತ್ತದೆ.

ಕತೆ ಇಲ್ಲಿಗೆ ಮುಗಿಯಿತು. ಇನ್ನೂ ಬಿಸಿಯಿದೆ, ಆರುವವರೆಗೆ ಯಾರೂ ಮುಟ್ಟಬೇಡಿ.