ಸಾಹೇಬರ ಜೆಸಿಬಿಗೆ ಆರತಿ

ಕಚೇರಿ ಮುಗಿಸಿ ಓಣಿಗಳಲ್ಲಿ ನಲ್ಲಿ ಪೈಪಿಗೆ ನೆಲ ಅಗೆಯುವುದು ಗುಮಾಸ್ತ ಶಂಭುಲಿಂಗನ ಉಪಕಸುಬು. ಗುದ್ದಲಿ ಹಿಡಿದು ಸೊಂಟ ಬಿದ್ದುಹೋಗಿತ್ತು. ಸಣ್ಣದೊಂದು ಯಂತ್ರ ಕೊಳ್ಳೋಣ ಎಂದುಕೊಂಡ. ಸುದ್ದಿ ಕಚೇರಿಯ ಸಾಹೇಬರ ಕಿವಿಗೆ ಬಿತ್ತು.

"ಸಣ್ಣದ್ಯಾಕೋ? ನಮ್ಮ ಜೆಸಿಬಿ ಸುಮ್ಮನೆ ನಿಂತಿದೆ. ದುಡ್ಡು ಕೊಟ್ಟು ಅದನ್ನೇ ತಗೋ!"

ಬೇಡ ಎಂದರೆ ನಾಳೆಯೇ ವರ್ಗ. ಶಂಭುಲಿಂಗ ನಿಟ್ಟುಸಿರಿಟ್ಟ.

"ಆಗಲಿ ಸಾರ್. ಆದರೆ ಹೊಸ್ತಿಲ ಮುಂದೆ ನಿಲ್ಲಿಸಿ ಆರತಿ ಎತ್ತದೆ ನಮ್ಮವಳು ಯಾವ ಗಾಡಿಯನ್ನೂ ಒಪ್ಪಲ್ಲ. ತಾವೇ ತಂದು ನಿಲ್ಲಿಸಬೇಕು."

ಶುಕ್ರವಾರ ಸಾಹೇಬರು ಜೆಸಿಬಿಯಲ್ಲೇ ಕೂತು ಬಂದರು. ಶಂಭುಲಿಂಗನ ಮನೆಯ ಓಣಿಯ ಬಾಯಲ್ಲೇ ಅದು ಗೋಡೆಗಳ ನಡುವೆ ಸಿಕ್ಕಿಕೊಂಡಿತು.

"ಥೂ, ಇದೆಂಥ ಓಣಿಯೋ!" ಸಾಹೇಬರು ಬೆವರೊರೆಸಿಕೊಂಡರು. "ಇಲ್ಲಿಗೆ ಸಣ್ಣದೇ ಸರಿ, ಮಾರಾಯ."

"ಅಪ್ಪಣೆ ಸಾರ್. ನನಗೆ ಕೆಲಸ ಸಿಗೋದೂ ಇಂಥ ಓಣಿಗಳಲ್ಲೇ," ಎಂದ ಶಂಭುಲಿಂಗ, ಸೊಂಟ ಹಿಡಿದುಕೊಂಡೇ ಹೆಂಡತಿಯನ್ನು ಕೂಗಿದ: "ಆರತಿ ಆರಿಹೋಗೋದು ಬೇಡ ಕಣೇ, ಬಂದು ಸಾಹೇಬರಿಗೇ ಎತ್ತಿಬಿಡು!"