ಇರುವೆ ಬಾರದ ಮನೆ

ಎಲ್ಲರೂ ಹತ್ತಿರ ಬಂದು ಕೂತ್ಕೊಳ್ಳಿ. ಸೀಸೆ ಹಿಡಿದಿರುವ ಮರಿ, ಅದನ್ನು ಪಕ್ಕಕ್ಕಿಡು. ಕಥೆ ಅದರದ್ದೇ.

ಜೋನಿಪುರ ಅಂತ ಒಂದು ರಾಜ್ಯ. ಅದಕ್ಕೊಬ್ಬ ರಾಜ, ಮುದ್ದುಮಲ್ಲರಾಯ. ಅವನು ನಡೆದರೆ ಹಿಂದೆ ಮಂತ್ರಿಗಳು ನಡೆಯುತ್ತಿದ್ದರು, ಮಂತ್ರಿಗಳ ಹಿಂದೆ ಇರುವೆಗಳು ನಡೆಯುತ್ತಿದ್ದವು. ಯಾಕೆಂದರೆ ಅಲ್ಲಿ ಎಲ್ಲರೂ ಮೂರು ಹೊತ್ತೂ ಬುಸ್‌ಪಾನಕ ಕುಡಿಯುತ್ತಿದ್ದರು. ಮುಚ್ಚಳ ತೆಗೆದರೆ ಬುಸ್ ಅನ್ನುತ್ತಿತ್ತು, ಬಾಯಿಗೆ ಹಾಕಿದರೆ ಬರೀ ಸಕ್ಕರೆ. ಊರಲ್ಲಿ ಹಲ್ಲು ಉದುರಿದವು, ಕಣ್ಣು ಮಂಜಾದವು, ಗಾಯ ಮಾಯದೆ ಕಾಲ್ಬೆರಳು ಹೋದವು. ಬಚ್ಚಲಿಗೆಲ್ಲ ಇರುವೆ ಮುತ್ತಿದವು.

ಪಾನಕ ಮಾಡಿ ಮಾರುತ್ತಿದ್ದವನು ಬಸವಂತಯ್ಯ. ಊರಬಾವಿಗಳನ್ನು ಒಂದೊಂದಾಗಿ ಮುಚ್ಚಿಸಿದ್ದ. ಉಳಿದದ್ದು ಒಂದೇ.

"ಮಹಾಪ್ರಭು, ನೀರು ಎಮ್ಮೆ ಕುಡಿಯೋದು. ನಿಮ್ಮ ಪ್ರಜೆಗಳು ಎಮ್ಮೆಗಳಾ? ಇದನ್ನೂ ಮುಚ್ಚಿಸಿಬಿಡಿ" ಅಂದ. ರಾಜ ತಲೆಯಾಡಿಸಿದ.

ಸುದ್ದಿ ಕುಂಬಾರಗಿತ್ತಿ ಸಣ್ಣೀರಮ್ಮನ ಕಿವಿಗೆ ಬಿತ್ತು. ಅವಳ ಗಂಡನ ಎರಡು ಕಾಲ್ಬೆರಳು ಆಗಲೇ ಹೋಗಿದ್ದವು. ಮೂರು ವರ್ಷದ ಮೊಮ್ಮಗಳು ಕುಡಿಯುತ್ತಿದ್ದದ್ದು ಅದೇ ಬಾವಿಯ ನೀರು.

ಅವಳು ಮನೆಮನೆ ತಿರುಗಿದಳು. ದಿನಕ್ಕೆ ಎಷ್ಟು ಚೊಂಬು ಪಾನಕ ಕುಡೀತೀರಿ? ಹಲ್ಲೆಷ್ಟು ಹೋಯ್ತು? ಬೆರಳೆಷ್ಟು ಹೋಯ್ತು? ಎಲ್ಲ ಕೇಳಿಕೊಂಡು ಬಂದು, ನೂರು ಜನಕ್ಕೊಂದರಂತೆ ಮಣ್ಣಿನ ಗೊಂಬೆ ಮಾಡಿ ಅರಮನೆಯ ಅಂಗಳದಲ್ಲಿ ಎರಡು ಊರು ಕಟ್ಟಿದಳು.

"ಬುದ್ಧಿ, ಈ ಕಡೆ ಬಾವಿ ಇರೋ ಊರು, ಆ ಕಡೆ ಬಾವಿ ಮುಚ್ಚಿದ ಊರು. ಒಂದು ದಿನ ಅಂದ್ರೆ ಒಂದು ವರ್ಷ. ಮನೆಮನೇಲಿ ಕಂಡ ಲೆಕ್ಕದಂಗೆ ಗೊಂಬೆ ಕಾಲು ಮುರೀತಾ ಹೋಗ್ತೀನಿ, ನೋಡ್ತಾ ಇರಿ."

ಹತ್ತನೇ ದಿನಕ್ಕೆ ಬಾವಿಯಿಲ್ಲದ ಊರಲ್ಲಿ ಅರ್ಧ ಗೊಂಬೆಗಳು ಮಗುಚಿಬಿದ್ದಿದ್ದವು. ರಾಜ ಬೆಚ್ಚಿದ. ಬಸವಂತಯ್ಯ ಬೆಚ್ಚಲಿಲ್ಲ.

"ಪಾನಕದ ತಪ್ಪಲ್ಲ. ಗೊಂಬೆಗಳು ಸೋಮಾರಿಗಳು, ಓಡಾಡಲ್ಲ" ಅಂದ. ಸೈನಿಕರು ಗೊಂಬೆಗಳನ್ನು ಎತ್ತಿಕೊಂಡು ಕೋಟೆ ಸುತ್ತ ಓಡಿದರು. ಸೈನಿಕರು ಸಣ್ಣಗಾದರು, ಗೊಂಬೆಗಳು ಹಾಗೇ ಇದ್ದವು.

"ಹಾಗಾದ್ರೆ ಬಿಸಿಲಿನ ದೋಷ" ಅಂದ. ಗೊಂಬೆಗೊಂದು ಛತ್ರಿ ಬಂತು. ಗೊಂಬೆಗಳು ನೆರಳಲ್ಲಿ ಮಗುಚಿಬಿದ್ದವು.

"ಕುಡಿಯೋರಿಗಿಲ್ಲದ ಚಿಂತೆ ಇವಳಿಗ್ಯಾಕೆ? ಗೊಂಬೆಗಳನ್ನೇ ಕೇಳಿ" ಅಂದ. ರಾಜ ಕುಕ್ಕರುಗಾಲಲ್ಲಿ ಕೂತು, "ಏನ್ರಪ್ಪಾ, ನಿಮಗೇನಾದ್ರೂ ತೊಂದ್ರೆ ಇದೆಯಾ?" ಅಂತ ಕೇಳಿದ. ಗೊಂಬೆಗಳು ತುಟಿಪಿಟಕ್ ಅನ್ನಲಿಲ್ಲ.

"ನೋಡಿದ್ರಾ? ಒಬ್ಬರದ್ದೂ ತಕರಾರಿಲ್ಲ!"

ಮಾರನೇ ದಿನವೇ ಬಾವಿ ಮುಚ್ಚುವುದೆಂದು ತೀರ್ಮಾನವಾಯಿತು. ಸಣ್ಣೀರಮ್ಮ ಅತ್ತಳು. ಅಳುತ್ತಾ ನೆಲ ನೋಡಿದಳು. ರಾಜನ ಹಿಂದೆ ಇರುವೆ, ಮಂತ್ರಿಗಳ ಹಿಂದೆ ಇರುವೆ, ಬಸವಂತಯ್ಯನ ಹಿಂದೆ ಒಂದೂ ಇಲ್ಲ. ಕಣ್ಣೊರೆಸಿಕೊಂಡಳು.

"ಬುದ್ಧಿ, ಕೊನೇದಾಗಿ ಒಂದು ಕೇಳ್ಕೋತೀನಿ. ಬಾವಿ ಮುಚ್ಚೋ ಮುಂಚೆ, ಊರಲ್ಲಿ ಇರುವೆ ಇಲ್ಲದ ಚೊಕ್ಕಟ ಮನೆ ಯಾರದ್ದೋ ಅವರಿಗೆ ಜರತಾರಿ ಪೇಟ ಕಟ್ಟಿ."

ಸನ್ಮಾನ ಅಂದರೆ ರಾಜನಿಗೆ ಬಲು ಇಷ್ಟ. ಡಂಗುರ ಸಾರಿಸಿದ. ಬೆಳಿಗ್ಗೆ ಊರೆಲ್ಲ ಬಾವಿಕಟ್ಟೆಗೆ ಬಂತು. ಎಲ್ಲರೂ ತಲೆ ತಗ್ಗಿಸಿ ನಿಂತರು. ಬಸವಂತಯ್ಯ ಮಾತ್ರ ಜನರನ್ನು ತಳ್ಳಿಕೊಂಡು ಮುಂದೆ ಬಂದ.

"ಅಡುಗೆಮನೇಲಿ ಇರುವೆ?"

"ಒಂದೂ ಇಲ್ಲ, ಮಹಾಪ್ರಭು."

"ಬಚ್ಚಲಲ್ಲಿ?"

"ಒಂದೂ ಇಲ್ಲ."

"ನನ್ನ ಹಾಸಿಗೇಲೇ ಇವೆಯಲ್ಲಯ್ಯಾ! ಏನು ಗುಟ್ಟು?"

ಪೇಟ ತಲೆಗೇರಿದ್ದೇ ತಡ, ಬಸವಂತಯ್ಯ ಉಬ್ಬಿಹೋದ. "ಬುಸ್‌ಪಾನಕ ಹೊಸಿಲು ದಾಟೋಕೆ ಬಿಟ್ರೆ ತಾನೇ ಇರುವೆ ಬರೋದು! ನಮ್ಮ ಮಕ್ಕಳಿಗೆಲ್ಲ ಹಿತ್ತಲ ಬಾವಿ ನೀರೇ..."

ಅಷ್ಟರಲ್ಲಿ ನಾಲಿಗೆ ಕಚ್ಚಿಕೊಂಡ. ಬಾವಿಕಟ್ಟೆಯಲ್ಲಿದ್ದವರೆಲ್ಲ ತಲೆಯೆತ್ತಿ ಅವನನ್ನು ನೋಡಿದರು.

ಸಣ್ಣೀರಮ್ಮ ಮೆಲ್ಲಗೆ ಅಂದಳು: "ಬುದ್ಧಿ, ಒಂದು ಗೊಂಬೆ ಬಾಯಿ ಬಿಡ್ತು."

ರಾಜ ಬಗ್ಗಿ ಇರುವೆ ಮುತ್ತಿದ್ದ ತನ್ನ ಪಾದ ನೋಡಿಕೊಂಡ. ಆಮೇಲೆ ಕಾನೂನು ಮಾಡಿದ. ಮುಚ್ಚಿದ ಬಾವಿಗಳನ್ನೆಲ್ಲ ತೆರೆಯಬೇಕು. ಒಂದು ಕೊಡ ಪಾನಕ ಮಾರಿದರೆ ಬಸವಂತಯ್ಯನೇ ಒಂದು ಕೊಡ ನೀರು ತಲೆಮೇಲೆ ಹೊತ್ತು ಆ ಮನೆಗೆ ಮುಟ್ಟಿಸಬೇಕು. ಬಾಗಿಲಲ್ಲಿ ನಿಂತು, "ಈ ಪಾನಕ ನಮ್ಮ ಮನೇಲಿ ಕುಡಿಯಲ್ಲ" ಅಂತ ಮೂರು ಸಲ ಕೂಗಬೇಕು. ವಾರದೊಳಗೆ ಕೇಳುವವರೂ ಕಡಿಮೆಯಾದರು, ಹೊರುವವನ ಕತ್ತೂ ಸೋತಿತು.

ಸಣ್ಣೀರಮ್ಮನ ಗಂಡನ ಬೆರಳು ಮತ್ತೆ ಬರಲಿಲ್ಲ. ಹೋದದ್ದು ಹೋಯಿತು, ನನಗೂ ಬೇಜಾರೇ. ಆದರೆ ಮೊಮ್ಮಗಳು ಹತ್ತೂ ಬೆರಳೂರಿ ಓಡಾಡಿದಳು.

ನೀತಿ ಇಷ್ಟೇ ಮಕ್ಕಳೇ: ನಿಮಗೆ ಕುಡಿಸುವವನು ತನ್ನ ಮಕ್ಕಳಿಗೆ ಏನು ಕುಡಿಸುತ್ತಾನೆ ಅಂತ ಮೊದಲು ನೋಡಿ. ಈಗ ಆ ಸೀಸೆ ಇತ್ತ ಕೊಡು ಮರಿ. ಇರುವೆ ಆಗಲೇ ಬಂದಾಯಿತು.